ಒಂದು ಗಂಟೆಯ ಪರ್ಮಿಷನ್

(ಸಮಾಜಕಾರ್ಯ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಮಂದಿ ಓದು ಮುಗಿಸಿ ಕಾರ್ಖಾನೆಗಳಿಗೆ ಕಲ್ಯಾಣಾಧಿಕಾರಿಗಳಾಗಿ ಹೋಗುವವರು. 500 ಜನ ಕಾರ್ಮಿಕರಿರುವ ಕಡೆ ಅಂಥ ಅಧಿಕಾರಿ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ ಹೇಳಿತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ಹಾಗಾಗಿ ನಿಮ್ಮ ಕೆಲಸಕ್ಕೆ ಕೊರತೆಯಿಲ್ಲ. ಕುಂದುಕೊರತೆ ಸಮಿತಿ, ಶಿಶುಪಾಲನಾ ಕೇಂದ್ರ, ಕ್ಯಾಂಟೀನ್ ಇವೆಲ್ಲ ನಿಮ್ಮ ಪಠ್ಯದಲ್ಲಿವೆ. ಪಠ್ಯದಲ್ಲಿಲ್ಲದ, ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ನಿಮ್ಮ ಮೇಜಿನ ಮುಂದೆ ಬಂದು ನಿಲ್ಲುವ ವಿಷಯವೊಂದಿದೆ. ಅದು ಡ್ಯೂಟಿ ಹೊತ್ತಿನಲ್ಲಿ ಸ್ವಂತ ಕೆಲಸಕ್ಕೆ ಹೊರಗೆ ಹೋಗಿಬರುವುದು. ಇವತ್ತು ಅದರ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಾನು ಕೆಲಸ ಮಾಡಿದ್ದು ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆ ಬೆಳಗ್ಗೆ ಎಂಟೂವರೆಗೆ ನಿಂತು ನೋಡಿದರೆ ಬುತ್ತಿ ಚೀಲ ಹಿಡಿದು ಬಿರಬಿರನೆ ನಡೆಯುವ ಹೆಣ್ಣುಮಕ್ಕಳ ಸಾಲು ಕಾಣುತ್ತದೆ. ಒಂಬತ್ತಕ್ಕೆ ಪಂಚಿಂಗ್ ಆದರೆ ಹೊರಗೆ ಬರುವುದು ಸಂಜೆ ಐದೂವರೆಗೆ. ವಾರಕ್ಕೆ ಆರು ದಿನ. ಈಗ ಇದರ ಪಕ್ಕದಲ್ಲಿ ಊರಿನ ಉಳಿದ ಬಾಗಿಲುಗಳ ಹೊತ್ತನ್ನು ಇಟ್ಟು ನೋಡಿ. ಸರ್ಕಾರಿ ಕಚೇರಿ ಹತ್ತರಿಂದ ಐದೂವರೆ. ಬ್ಯಾಂಕಿನ ಕೌಂಟರ್ ನಾಲ್ಕು ಗಂಟೆಗೆ ಮುಗಿಯುತ್ತದೆ. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಭಾನುವಾರ ಇವಳಿಗೆ ಬಿಡುವು, ಅವತ್ತು ಅಷ್ಟೂ ಕಡೆ ಬಾಗಿಲು ಹಾಕಿರುತ್ತದೆ. ಅಂದರೆ ಇವಳ ಸ್ವಂತ ಕೆಲಸ ಡ್ಯೂಟಿ ಹೊತ್ತಿನಲ್ಲಲ್ಲದೆ ಬೇರೆ ಯಾವಾಗಲೂ ಆಗುವ ಹಾಗೇ ಇಲ್ಲ. ಇದರಲ್ಲಿ ಅವಳ ಸೋಮಾರಿತನ ಎಲ್ಲಿದೆ? ಅವಳಿಗೆ ಯೋಜನೆ ಹಾಕಿಕೊಳ್ಳಲು ಬರುವುದಿಲ್ಲ ಅನ್ನುವ ಮಾತನ್ನು ಮ್ಯಾನೇಜರುಗಳ ಬಾಯಲ್ಲಿ ತುಂಬಾ ಕೇಳಿದ್ದೇನೆ. ಆ ಮಾತು ಸುಳ್ಳು.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಗಂಟೆಯ ಕೆಲಸಕ್ಕೆ ಒಂದು ಗಂಟೆಯನ್ನೇ ಕೊಡಿ, ಒಂದು ದಿನವನ್ನು ತಿನ್ನಲು ಬಿಡಬೇಡಿ. ಕಾರಣ ಕೆದಕದೆ ಕೊಡಿ. ಸಂಬಳದಲ್ಲಿ ಹಿಡಿಯಲೇಬೇಕಾದರೆ ಆ ಒಂದು ಗಂಟೆಯದ್ದನ್ನು ಮಾತ್ರ ಹಿಡಿಯಿರಿ.

ಸ್ವಂತ ಕೆಲಸ ಅಂದರೆ ಏನು ಅಂತ ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಮಗಳು ಒಂಬತ್ತನೇ ತರಗತಿ ಅಂತಿಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಆದಾಯ ಪತ್ರದ ಆಯಸ್ಸು ಐದು ವರ್ಷ, ಹಳೆಯದು ಮುಗಿದಿದೆ. ತಾಯಿ ನಾಡಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬರುತ್ತಾಳೆ, ಅದು ಒಂದು ಸಲ. ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಕರೆದರೆ ಇನ್ನೊಂದು ಸಲ. ಪತ್ರ ಬಂತು, ಅರ್ಜಿಯೂ ಹೋಯಿತು, ಆದರೆ ಹಣ ಬರಲಿಲ್ಲ. ಯಾಕೆ ಅಂತ ವಿಚಾರಿಸಿದರೆ ಮಗಳ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಬ್ಯಾಂಕಿಗೆ ಹೋದರೆ ಆಧಾರ್‌ನಲ್ಲಿ ಇನಿಷಿಯಲ್ ಮುಂದಿದೆ, ಪಾಸ್‌ಬುಕ್‌ನಲ್ಲಿ ಹಿಂದಿದೆ, ಶಾಲೆಯ ದಾಖಲೆಯಲ್ಲಿ ಇನಿಷಿಯಲ್ಲೇ ಇಲ್ಲ. ಮೊದಲು ಆಧಾರ್ ಸರಿಮಾಡಿಸಿಕೊಂಡು ಬನ್ನಿ ಅನ್ನುತ್ತಾರೆ. ಆಧಾರ್ ಕೇಂದ್ರಕ್ಕೆ ಹೋದರೆ ಬೆಳಗ್ಗೆ ಬಂದವರಿಗಷ್ಟೇ ಟೋಕನ್. ಮಾರನೇ ದಿನ ಬೇಗ ಹೋದರೆ ಸರ್ವರ್ ಡೌನ್. ಒಂದು ವಿದ್ಯಾರ್ಥಿವೇತನದ ಹಿಂದೆ ಇಷ್ಟು ಓಡಾಟವಿದೆ. ಇದರಲ್ಲಿ ಯಾವ ಕೆಲಸವೂ ಕೌಂಟರಿನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆದರೆ ಒಂದೊಂದಕ್ಕೂ ಅವಳು ಕಾರ್ಖಾನೆಯಿಂದ ಹೊರಗಿರಬೇಕು.

2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಇದು ದೊಡ್ಡ ಪ್ರಮಾಣದಲ್ಲಿ ಕಣ್ಣಿಗೆ ಬಿತ್ತು. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಕೇಂದ್ರಕ್ಕೆ ಬನ್ನಿ ಅಂತ ಫೋನಿಗೆ ಮೆಸೇಜ್ ಬರುವ ವ್ಯವಸ್ಥೆ ಮಾಡಿದ್ದರು. ಆಲೋಚನೆ ಒಳ್ಳೆಯದೇ. ಆದರೆ ಹಗಲು ಹೊಲಿಗೆ ಮೆಷಿನ್ ಮುಂದೆ ಕೂತ ಹೆಂಗಸಿಗೆ ಬೆಳಗ್ಗೆ ಹನ್ನೊಂದರ ಸಮಯ ಕೊಟ್ಟರೆ ಅವಳೇನು ಮಾಡಬೇಕು? ತಿಂಗಳಿಗೆ 2000 ರೂಪಾಯಿ ಬಿಡುವ ಹಾಗಿಲ್ಲ, ಆ ದಿನದ ಕೂಲಿಯನ್ನೂ ಬಿಡುವ ಹಾಗಿಲ್ಲ.

ಇನ್ನು ರಜೆಯ ಕಾನೂನಿಗೆ ಬರೋಣ. ನೀವು ಪರೀಕ್ಷೆಗೆ ಓದಿರುತ್ತೀರಿ: ವರ್ಷಕ್ಕೆ 240 ದಿನ ಕೆಲಸ ಮಾಡಿದವರಿಗೆ, ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ. ಕಾರ್ಖಾನೆ ಕಾಯ್ದೆಯ 79ನೇ ಕಲಂ ಅದು. 2020ರ ಸಂಹಿತೆಯಲ್ಲಿ 240 ಇದ್ದದ್ದು 180 ಆಗಿದೆ, ಅದು ನಿಜಕ್ಕೂ ಒಳ್ಳೆಯ ಬದಲಾವಣೆ. ಆದರೆ 79ನೇ ಕಲಂ ಅನ್ನು ಕೊನೆಯವರೆಗೆ ಓದಿ. ರಜೆ ಬೇಕಾದರೆ 15 ದಿನ ಮೊದಲೇ ಬರೆದು ಕೊಡಬೇಕಿತ್ತು, ವರ್ಷದಲ್ಲಿ ಮೂರು ಸಲಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿರಲಿಲ್ಲ. ಕಾಯಿಲೆ ಬಿದ್ದರೆ ಮಾತ್ರ 15 ದಿನದ ನಿಯಮಕ್ಕೆ ವಿನಾಯಿತಿ ಇತ್ತು. ಈ ಕಾನೂನು ಬರೆದವರ ಮನಸ್ಸಿನಲ್ಲಿದ್ದ ಕಾರ್ಮಿಕ ಹಬ್ಬಕ್ಕೆ, ಸುಗ್ಗಿಗೆ, ಮದುವೆಗೆ ಊರಿಗೆ ಹೋಗಿ ನಾಲ್ಕಾರು ದಿನ ಇದ್ದು ಬರುವವನು. ಅವನಿಗೆ ಆ ರಜೆ ಸರಿಹೊಂದುತ್ತದೆ. ಆಧಾರ್ ಕೇಂದ್ರದ ಟೋಕನ್ನಿಗೆ ಹೋಗಬೇಕಾದವಳಿಗೆ ಅದರಿಂದ ಉಪಯೋಗವಿಲ್ಲ. ಒಳ್ಳೆಯ ಕಾರ್ಖಾನೆಗಳು ಈ ಮೂರು ಸಲದ ಲೆಕ್ಕವನ್ನು ಪಟ್ಟಾಗಿ ಹಿಡಿಯುತ್ತಿರಲಿಲ್ಲ. ಆದರೂ ಈ ಗಳಿಕೆ ರಜೆ (ಇಎಲ್) ಅಂದರೆ ಇಡೀ ದಿನವೇ.

ಇದಕ್ಕೆ ಅಟೆಂಡೆನ್ಸ್ ಬೋನಸ್ ಸೇರಿಸಿಕೊಳ್ಳಿ. ತಿಂಗಳಿಡೀ ಒಂದು ದಿನವೂ ತಪ್ಪದೆ ಬಂದರೆ ಇಷ್ಟು ರೂಪಾಯಿ, ಒಂದು ದಿನ ತಪ್ಪಿದರೂ ಅಷ್ಟೂ ಇಲ್ಲ. ಹತ್ತು ನಿಮಿಷದ ಕೆಲಸಕ್ಕೆ ಒಂದು ದಿನದ ಸಂಬಳವೂ ಹೋಗಿ, ತಿಂಗಳ ಬೋನಸ್ಸೂ ಹೋಗಿ, ಅವಳ ಕೈಗೆ ಬೀಳುವ ಪೆಟ್ಟು ಎರಡು ದಿನದ ದುಡಿಮೆಗೆ ಹತ್ತಿರ ಬರುತ್ತದೆ. ಬೋನಸ್ ಕಂಪನಿ ತಾನಾಗಿ ಕೊಡುವ ಹಣ, ಅದರ ಷರತ್ತನ್ನು ಕಂಪನಿಯೇ ಹಾಕುತ್ತದೆ. ಸಂಬಳದ ವಿಷಯ ಹಾಗಲ್ಲ. 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಂ ಸ್ಪಷ್ಟವಾಗಿತ್ತು: ಗೈರಾದ ಹೊತ್ತು ಎಷ್ಟೋ ಅಷ್ಟರ ಪಾಲಿಗಿಂತ ಹೆಚ್ಚು ಸಂಬಳ ಕಡಿತ ಮಾಡುವ ಹಾಗಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಈ ತತ್ವ ಉಳಿದಿದೆ. ಎಂಟು ಗಂಟೆಯ ದಿನದಲ್ಲಿ ಒಂದು ಗಂಟೆ ಇಲ್ಲದಿದ್ದರೆ ಎಂಟನೇ ಒಂದು ಭಾಗ, ಅಷ್ಟೇ. ಮೂರು ಸಲ ಲೇಟಾದರೆ ಅರ್ಧ ದಿನ ಕಟ್ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕುವ ಕಡೆಗಳಿವೆ. ಮೂರು ಸಲ ಸೇರಿ ಲೇಟಾದದ್ದು ನಲವತ್ತು ನಿಮಿಷವಾದರೆ ನಾಲ್ಕು ಗಂಟೆಯ ಸಂಬಳ ಹಿಡಿಯಲು ಕಾನೂನಿನ ಆಧಾರವಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ಕಂಪನಿಯ ಬೋರ್ಡನ್ನು ಒಮ್ಮೆ ಈ ಕಣ್ಣಿನಿಂದ ಓದಿ.

ಗಂಟೆಯ ಲೆಕ್ಕದಲ್ಲಿ ಪರ್ಮಿಷನ್ ಇಲ್ಲದ ಕಡೆ ಏನಾಗುತ್ತದೆ? ಸುಳ್ಳು ಶುರುವಾಗುತ್ತದೆ. ಬ್ಯಾಂಕಿಗೆ ಅಂದರೆ ಬಿಡುವುದಿಲ್ಲ, ಹೊಟ್ಟೆನೋವು ಅಂದರೆ ಬಿಡುತ್ತಾರೆ. ಹಾಗಾಗಿ ಹೊಟ್ಟೆನೋವು ಅನ್ನುತ್ತಾರೆ. ಸ್ವಲ್ಪ ದಿನಕ್ಕೆ ಫ್ಲೋರ್ ಇನ್‌ಚಾರ್ಜ್ ಯಾರ ಹೊಟ್ಟೆನೋವನ್ನೂ ನಂಬುವುದಿಲ್ಲ. ಇದರಲ್ಲಿ ಪೆಟ್ಟು ತಿನ್ನುವವಳು ನಿಜವಾಗಿ ನೋವಿರುವವಳು. ಮುಟ್ಟಿನ ಮೊದಲ ದಿನ ಕೂರಲಾಗದೆ ಬಂದು ನಿಂತ ಹುಡುಗಿಯನ್ನು ಐವತ್ತು ಜನರ ಮುಂದೆ "ಏನು, ಇವತ್ತು ನಿನ್ನ ಸರದಿಯಾ?" ಅಂತ ಕೇಳಿದ್ದನ್ನು ನಾನೇ ನಿಂತು ಕೇಳಿಸಿಕೊಂಡಿದ್ದೇನೆ. ಆ ಮಾತು ಆಡಿದವನು ಕೆಟ್ಟವನೇನಲ್ಲ, ಮನೆಯಲ್ಲಿ ಅವನಿಗೂ ಅಕ್ಕತಂಗಿಯರಿದ್ದರು. ಸುಳ್ಳನ್ನೇ ದಿನವೂ ಕೇಳಿ ಕಿವಿ ಮೊಂಡಾಗಿತ್ತು. ಆ ಸುಳ್ಳನ್ನು ಹೇಳುವ ಹಾಗೆ ಮಾಡಿದ್ದು ಕಂಪನಿಯ ನಿಯಮ. ಸಾಚಾ ಕಾರಣಕ್ಕೆ ಬಾಗಿಲು ಮುಚ್ಚಿಟ್ಟು ಸುಳ್ಳಿಗೆ ಮಾತ್ರ ತೆರೆದಿಟ್ಟರೆ ಜನ ಯಾವ ಬಾಗಿಲಿನಿಂದ ಹೋಗುತ್ತಾರೆ?

ಇನ್‌ಚಾರ್ಜ್‌ಗಳ ಕಡೆಯಿಂದಲೂ ನೋಡಬೇಕು, ಅವರ ಕಷ್ಟ ದೊಡ್ಡದು. ಶರ್ಟಿನ ಲೈನ್ ಹೇಗೆ ನಡೆಯುತ್ತದೆ ಅಂತ ಫ್ಲೋರಿಗೆ ಹೋದಾಗ ನಿಂತು ನೋಡಿ. ಕಾಲರ್, ಕಫ್, ತೋಳು, ಸೈಡ್ ಸೀಮ್, ಕಾಜಾ, ಗುಂಡಿ ಹೀಗೆ ಒಬ್ಬೊಬ್ಬರದು ಒಂದೊಂದು ಕೆಲಸ. ಬಂಡಲ್ ಒಬ್ಬರಿಂದ ಇನ್ನೊಬ್ಬರಿಗೆ ಸಾಗುತ್ತದೆ. ಕಾಲರ್ ಅಟ್ಯಾಚ್ ಮಾಡುವವಳು ಎದ್ದುಹೋದರೆ ಅರ್ಧ ಗಂಟೆಯೊಳಗೆ ಅವಳ ಮೆಷಿನ್ನಿನ ಹಿಂದೆ ಬಂಡಲ್ ರಾಶಿ, ಮುಂದಿನವರ ಕೈ ಖಾಲಿ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಪೀಸ್ ಲೆಕ್ಕ ಬರೆಯುತ್ತಾರೆ, ಆ ಸಂಖ್ಯೆ ಇಳಿದರೆ ಬೈಸಿಕೊಳ್ಳುವವನು ಇನ್‌ಚಾರ್ಜ್. "ಮೇಡಂ, ನೀವು ಪಾಸ್‌ಗೆ ಸೈನ್ ಹಾಕಿ ಕಳಿಸ್ತೀರಾ, ಟಾರ್ಗೆಟ್‌ಗೆ ನಾನು ಉತ್ತರ ಕೊಡ್ಬೇಕು" ಅಂತ ಅವರು ಹೇಳಿದರೆ ಅದು ನ್ಯಾಯವಾದ ಮಾತು. ಅದಕ್ಕೆ ಉತ್ತರ ಫ್ಲೋಟರ್. ಮೂರು ನಾಲ್ಕು ಬಗೆಯ ಮೆಷಿನ್ ನಡೆಸಬಲ್ಲ ಟೈಲರ್‌ಗಳು ಪ್ರತಿ ಫ್ಲೋರಿನಲ್ಲೂ ಇರುತ್ತಾರೆ. ಯಾರಿಗೆ ಏನೇನು ಬರುತ್ತದೆ ಅನ್ನುವ ಪಟ್ಟಿಯೂ ಪ್ರೊಡಕ್ಷನ್ ವಿಭಾಗದಲ್ಲಿ ಇರುತ್ತದೆ. ಅಂಥ ಒಬ್ಬಿಬ್ಬರನ್ನು ಯಾವ ಲೈನಿಗೂ ಕಟ್ಟಿಹಾಕದೆ ಬಿಟ್ಟರೆ ಪರ್ಮಿಷನ್ ಮೇಲೆ ಹೋದವಳ ಕುರ್ಚಿ ಖಾಲಿ ಉಳಿಯುವುದಿಲ್ಲ. ಅವರ ಸಂಬಳ ದಂಡ ಅಂತ ಮ್ಯಾನೇಜ್‌ಮೆಂಟ್ ಹೇಳುತ್ತದೆ. ಒಂದು ಗಂಟೆ ಸಿಗದೆ ಇಡೀ ದಿನ ಬಾರದೇ ಹೋದ ಟೈಲರ್‌ಗಳಿಂದ ಆದ ನಷ್ಟವನ್ನು ಪಕ್ಕದಲ್ಲಿಟ್ಟು ತೋರಿಸುವುದು ನಿಮ್ಮ ಕೆಲಸ.

ಕೌಂಟರಿನ ಆಚೆ ಬದಿಗೂ ಸ್ವಲ್ಪ ಬನ್ನಿ. ಇವಳು ರಜೆ ಹಾಕಿ ತಾಲ್ಲೂಕು ಕಚೇರಿಗೆ ಹೋದಳು. ಸಂಬಂಧಪಟ್ಟವರು ಸೀಟಿನಲ್ಲಿಲ್ಲ. ಎಲ್ಲಿ ಹೋದರು? ಮಗನ ಶಾಲೆಗೋ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡೋ ಹೋಗಿರಬಹುದು. ಅವರಿಗೂ ಸಂಸಾರವಿದೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಚಲನವಲನ ವಹಿ ಅಂತ ಒಂದು ಪುಸ್ತಕ ಇರುತ್ತದೆ. ಹೊರಗೆ ಹೋಗುವವರು ಎಲ್ಲಿಗೆ, ಎಷ್ಟು ಹೊತ್ತಿಗೆ ಅಂತ ಬರೆದು ಹೋಗಬೇಕು. ಒಳ್ಳೆಯ ಪದ್ಧತಿ. ಆದರೆ ಆ ಪುಸ್ತಕ ಮೇಲಧಿಕಾರಿಗೆ ಉತ್ತರ ಕೊಡುತ್ತದೆಯೇ ಹೊರತು ಕಿಟಕಿಯ ಮುಂದೆ ನಿಂತವಳಿಗೆ ಕೊಡುವುದಿಲ್ಲ. 2019ರಲ್ಲಿ ನಾಲ್ಕನೇ ಶನಿವಾರವೂ ರಾಜ್ಯ ಸರ್ಕಾರಿ ನೌಕರರಿಗೆ ರಜೆಯಾಯಿತು, ಅದರ ಜೊತೆಗೆ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ನೌಕರರಿಗೆ ಸಿಕ್ಕ ಆ ಶನಿವಾರ ಬ್ಯಾಂಕಿಗೂ ರಜೆ, ಉಳಿದ ಕಚೇರಿಗಳಿಗೂ ರಜೆ. ವಿಶ್ರಾಂತಿಗೆ ಆ ದಿನ ಚೆನ್ನ. ಬ್ಯಾಂಕು, ಕಚೇರಿಯ ಕೆಲಸಕ್ಕೆ ಒದಗುತ್ತಿದ್ದ ವಾರದ ನಡುವಿನ ಐದು ದಿನ ಮಾತ್ರ ಹೋದವು. ಗುಮಾಸ್ತರೂ ಟೈಲರೂ ಸಿಕ್ಕಿಕೊಂಡಿರುವುದು ಒಂದೇ ಗಂಟಿನಲ್ಲಿ. ಪರಿಹಾರವೂ ಒಂದೇ: ಒಬ್ಬರು ಎದ್ದರೆ ಆ ಸೀಟಿಗೆ ಇನ್ನೊಬ್ಬರು ಬರಬೇಕು.

ಸಕಾಲದ ಬಗ್ಗೆ ಒಂದು ಮಾತು. 2011ರಲ್ಲಿ ಮಾಡಿದ ಆ ಕಾನೂನನ್ನು ನಾನು ಮನಸಾರೆ ಮೆಚ್ಚುತ್ತೇನೆ. ಯಾವ ಸೇವೆ ಎಷ್ಟು ದಿನದಲ್ಲಿ ಆಗಬೇಕು ಅಂತ ಗೊತ್ತುಮಾಡಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಅಂತ ಬರೆದ ಕಾನೂನು ಅದು. ಆದರೆ ಅದು ಎಣಿಸುವುದು ಇಲಾಖೆ ತೆಗೆದುಕೊಂಡ ದಿನಗಳನ್ನು. ಅರ್ಜಿ ಏಳನೇ ದಿನಕ್ಕೆ ಮುಗಿದರೆ ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ. ಆ ಏಳು ದಿನದಲ್ಲಿ ಅವಳು ಎಷ್ಟು ಸಲ ಬಂದುಹೋದಳು, ಎಷ್ಟು ಕೂಲಿ ಬಿಟ್ಟಳು ಅನ್ನುವುದು ಯಾವ ಕಾಲಂನಲ್ಲೂ ಇಲ್ಲ. 2005ರಲ್ಲಿ ಬೆಂಗಳೂರು ಒನ್ ಶುರು ಮಾಡಿದವರು ಇದನ್ನು ಅರ್ಥ ಮಾಡಿಕೊಂಡಿದ್ದರು. ಬೆಳಗ್ಗೆ ಎಂಟಕ್ಕೇ ಬಾಗಿಲು ತೆಗೆದು ಸಂಜೆ ಏಳರವರೆಗೆ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಕಟ್ಟಿಸಿಕೊಂಡರು. ಡ್ಯೂಟಿ ಮುಗಿಸಿ ಬಂದವರಿಗೂ ಆ ಬಾಗಿಲು ಸಿಗುತ್ತಿತ್ತು. ಉಪನೋಂದಣಾಧಿಕಾರಿ ಕಚೇರಿಗಳನ್ನು ಸರದಿಯ ಮೇಲೆ ರಜಾ ದಿನಗಳಲ್ಲೂ ತೆರೆಯುವ ಏರ್ಪಾಡು 2024ರಲ್ಲಿ ಆಯಿತು. ಆಸ್ತಿ ಕೊಳ್ಳುವವರಿಗೆ ಮಾಡಿದ್ದನ್ನು ಆದಾಯ ಪತ್ರಕ್ಕೆ ಬರುವವರಿಗೂ ಮಾಡಬಹುದು. ನಾಡಕಚೇರಿ ತಿಂಗಳಿಗೊಂದು ಭಾನುವಾರ ತೆರೆದರೂ ಸಾಕು, ಗಾರ್ಮೆಂಟ್ಸ್ ಇರುವ ಹೋಬಳಿಗಳಲ್ಲಿ ಆಗುವ ವ್ಯತ್ಯಾಸವನ್ನು ಗೇಟಿನ ಪುಸ್ತಕದಲ್ಲೇ ನೋಡಬಹುದು.

ಈಗೆಲ್ಲಾ ಆನ್‌ಲೈನ್ ಅಲ್ಲವಾ ಅಂತ ನೀವು ಕೇಳಬಹುದು. ಹೌದು. ಪಿಎಫ್ ಕ್ಲೇಮ್ ಫೋನಿನಲ್ಲೇ ಹಾಕಬಹುದು, ಬಿಲ್ಲು ಕಟ್ಟಲು ಯುಪಿಐ ಇದೆ. ಆದರೆ ಅನೇಕ ಕಾರ್ಖಾನೆಗಳಲ್ಲಿ ಮೊಬೈಲನ್ನು ಗೇಟಿನಲ್ಲೋ ಲಾಕರಿನಲ್ಲೋ ಇಟ್ಟು ಒಳಗೆ ಹೋಗಬೇಕು. ಸೈಬರ್ ಅಂಗಡಿಯ ಹುಡುಗ ಹಗಲು ಹೊತ್ತಿನಲ್ಲಿ ಇವಳ ಅರ್ಜಿ ತುಂಬುತ್ತಾನೆ, ಓಟಿಪಿ ಬಂದು ಲಾಕರಿನೊಳಗೆ ಬೀಳುತ್ತದೆ, ಕೆಲವೇ ನಿಮಿಷದಲ್ಲಿ ಅದರ ಅವಧಿ ಮುಗಿಯುತ್ತದೆ. ಬ್ಯಾಂಕಿನಿಂದ ಫೋನ್ ಬರುತ್ತದೆ, ಶಾಲೆಯಿಂದ ಮಗುವಿಗೆ ಜ್ವರ ಅಂತ ಫೋನ್ ಬರುತ್ತದೆ, ಎಲ್ಲವೂ ಲಾಕರಿನಲ್ಲಿ ಬಡಿದು ನಿಲ್ಲುತ್ತವೆ. ಮೆಷಿನ್ ಮುಂದೆ ಫೋನ್ ಬೇಡ ಅನ್ನುವುದಕ್ಕೆ ಕಾರಣವಿದೆ, ಸೂಜಿ ಬೆರಳಿಗೆ ಹೊಕ್ಕಿದ್ದನ್ನು ಕಂಡವಳು ನಾನು. ಆದರೆ ಟೀ ಹೊತ್ತಿನಲ್ಲಿ, ಊಟದ ಹೊತ್ತಿನಲ್ಲಿ ಫೋನ್ ಅವರ ಕೈಗೆ ಸಿಗಬೇಕು. ಮಕ್ಕಳ ಶಾಲೆಗೆ, ಮನೆಯವರಿಗೆ ನಿಮ್ಮ ಕಚೇರಿಯ ನಂಬರ್ ಕೊಟ್ಟಿರಬೇಕು. ಆ ಕರೆ ಬಂದಾಗ ನೀವೇ ಎದ್ದು ಲೈನಿಗೆ ಹೋಗಿ ಹೇಳಬೇಕು.

ಕಂಪನಿಯೊಳಗೇ ಮಾಡಬಹುದಾದದ್ದು ಇನ್ನೂ ಇದೆ. ಸಂಬಳದ ಖಾತೆ ಇರುವ ಬ್ಯಾಂಕಿಗೆ ನಿಮ್ಮ ಕಂಪನಿಯಿಂದ ಸಾವಿರಾರು ಗ್ರಾಹಕರು. ಕೆವೈಸಿಗೆ ತಿಂಗಳಿಗೊಮ್ಮೆ ಇಬ್ಬರನ್ನು ಕ್ಯಾಂಟೀನಿಗೆ ಕಳಿಸಿ ಅಂತ ಮ್ಯಾನೇಜರನ್ನು ಕೇಳಿ, ಬಹುತೇಕ ಒಪ್ಪುತ್ತಾರೆ. ಆಧಾರ್ ಶಿಬಿರಕ್ಕೆ ಅಂಚೆ ಇಲಾಖೆಯನ್ನು ಕೇಳಿ. ಪಿಎಫ್ ದಾಖಲೆಯಲ್ಲಿ ಹೆಸರಿನ ತಪ್ಪನ್ನು ಅವಳು ಕೆಲಸ ಬಿಡುವ ದಿನ ನೋಡಬೇಡಿ, ಸೇರುವ ದಿನವೇ ಆಧಾರ್, ಪಾಸ್‌ಬುಕ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಿಎಫ್ ಹಿಂಪಡೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ಆದೇಶ ಹಿಂತೆಗೆದುಕೊಂಡಿತು. ಆ ಹಣ ಅವರಿಗೆ ಎಷ್ಟು ಮುಖ್ಯ ಅಂತ ಅವತ್ತೇ ಗೊತ್ತಾಗಿದೆ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅದು ನಿಲ್ಲಬಾರದು.

ಐಟಿ ಕಂಪನಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮಧ್ಯಾಹ್ನ ಎದ್ದು ಬ್ಯಾಂಕಿಗೆ ಹೋಗಿಬಂದವರನ್ನು ಯಾರೂ ಕೇಳುವುದಿಲ್ಲ, ರಾತ್ರಿ ಕೂತು ಮುಗಿಸಿದರಾಯಿತು. ಆ ನಂಬಿಕೆ ಒಳ್ಳೆಯದು. ಅದೇ ಊರಿನಲ್ಲಿ, ಅದೇ ಬ್ಯಾಂಕಿನ ಸಾಲಿನಲ್ಲಿ, ಒಬ್ಬರ ಒಂದು ಗಂಟೆಗೆ ಬೆಲೆಯೇ ಕಟ್ಟದೆ ಇನ್ನೊಬ್ಬರ ಒಂದು ಗಂಟೆಗೆ ಇಡೀ ದಿನದ ಬೆಲೆ ಕಟ್ಟುತ್ತೇವೆ ಅನ್ನುವುದು ನನಗೆ ಸಹಿಸಲಾಗದ ವಿಷಯ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಕಾರಣ ಕೇಳದೆ ಕೊಟ್ಟರೆ ದುರುಪಯೋಗ ಆಗುವುದಿಲ್ಲವೇ ಮೇಡಂ?" ಆಗುತ್ತದೆ, ಒಬ್ಬಿಬ್ಬರಿಂದ. ಚೀಟಿ ವ್ಯವಹಾರ ನಡೆಸುವವರು, ಬಡ್ಡಿ ವಸೂಲಿಗೆ ಹೋಗುವವರು ಇರುತ್ತಾರೆ. ಅವರು ಬಹಳ ದಿನ ಮರೆಯಲ್ಲಿರುವುದಿಲ್ಲ, ಪಕ್ಕದ ಮೆಷಿನ್ನಿನವರೇ ಬಂದು ಹೇಳುತ್ತಾರೆ. ಅವರನ್ನು ಬೇರೆ ಕರೆದು ಮಾತಾಡಿ, ನಿಲ್ಲದಿದ್ದರೆ ಪರ್ಮಿಷನ್ ನಿಲ್ಲಿಸಿ. ಅವರಿಗಾಗಿ ಉಳಿದವರನ್ನೆಲ್ಲ ಶಿಕ್ಷಿಸಬೇಡಿ.

ಇನ್ನೊಬ್ಬರು ಕೇಳಿದರು: ಮ್ಯಾನೇಜ್‌ಮೆಂಟ್ ಒಪ್ಪದಿದ್ದರೆ ಎಲ್ಲಿಂದ ಶುರು ಮಾಡುವುದು? ಒಂದೇ ಫ್ಲೋರಿನಿಂದ, ಒಪ್ಪುವ ಒಬ್ಬ ಇನ್‌ಚಾರ್ಜ್‌ನಿಂದ. ಒಂದು ಪುಸ್ತಕ ಇಡಿ. ಹೊರಗೆ ಹೋದ ಹೊತ್ತು, ಬಂದ ಹೊತ್ತು, ಯಾವ ಮೆಷಿನ್, ಆ ಹೊತ್ತಿನಲ್ಲಿ ಅದರ ಮೇಲೆ ಕೂತವರು ಯಾರು, ಇಷ್ಟೇ ಕಾಲಂ. ಕಾರಣದ ಕಾಲಂ ಬೇಡ. ಮೂರು ತಿಂಗಳಾದ ಮೇಲೆ ಆ ಫ್ಲೋರಿನ ಗೈರುಹಾಜರಿಯನ್ನು ಪಕ್ಕದ ಫ್ಲೋರಿನದರ ಜೊತೆ ಇಟ್ಟು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗಿ. ಹೋಗುವಾಗ ಆ ಇನ್‌ಚಾರ್ಜ್‌ನನ್ನೂ ಕರೆದುಕೊಂಡು ಹೋಗಿ. ಲೈನ್ ನಿಲ್ಲಲಿಲ್ಲ ಅನ್ನುವ ಮಾತನ್ನು ಅವನ ಬಾಯಿಂದ ಕೇಳಿದರೆ ಮ್ಯಾನೇಜರ್ ನಂಬುತ್ತಾರೆ.